ಕೆರೆದ ಕಬ್ಬಿಣ

ನೆರೂಳದಲ್ಲಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಹುಡುಗ ಸಿಕ್ಕಿದ. ಕೈಯಲ್ಲಿ ಮರಾಠಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಅವರು ಉಡುಪಿ ಕಡೆಯವರು, ಮೀನಿರಬೇಕು ಅಂದುಕೊಂಡೆ. ಅವನು ಪೇಪರ್ ಸರಿಸಿ ತೋರಿಸಿದ. ಮೋಟರ್ ಸೈಕಲ್ಲಿನ ಸಿಲಿಂಡರ್ ಹೆಡ್!

"ಪೋರ್ಟಿಂಗ್ ಮಾಡ್ಬೇಕು ಅಂಕಲ್. ಥ್ರಾಟಲ್ ಬಾಡಿಯೂ ಎರಡು ಎಂಎಂ ದೊಡ್ಡದು ಮಾಡಿಸ್ತೇನೆ. ನಿಮ್ಮ ಹಾಲಲ್ಲಿ ಜಾವಾದ ಫೋಟೋ ಉಂಟಲ್ಲ, ನಿಮಗೆ ಗೊತ್ತಿರ್ಬೇಕು" ಅಂದ.

ನಾನು ಎಂ.ಕಾಂ. ಓದಿದವನು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್, ಲೋನು, ಆಡಿಟ್ ಅಂತ ಕಳೆದು 2020ರಲ್ಲಿ ರಿಟೈರ್ ಆದವನು. ಆದರೂ ಹುಡುಗ ಕೇಳಿದ್ದು ತಪ್ಪು ವಿಳಾಸಕ್ಕೆ ಹೋಗಿರಲಿಲ್ಲ. ನನ್ನ ವಯಸ್ಸಿನ ಮೈಸೂರಿನವರಿಗೆ ಜಾವಾ ಗೊತ್ತಿಲ್ಲ ಅಂದರೆ ಚಾಮುಂಡಿ ಬೆಟ್ಟ ಗೊತ್ತಿಲ್ಲ ಅಂದ ಹಾಗೆ. ಅಷ್ಟೇ ಅಲ್ಲ, ಒಂದು ಸಲ ನಾನೂ ಅರ ಹಿಡಿದು ಇಂಜಿನ್ನಿನ ಕಬ್ಬಿಣ ಕೆರೆದಿದ್ದೇನೆ. ಆ ಕಥೆಯನ್ನು ನಲವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳುವ ಮೊದಲು ಈ ಕೆರೆಯುವ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ಇಂಜಿನ್ನಿಗೆ ಪೆಟ್ರೋಲ್ ಕುಡಿಸುವುದು ಕಷ್ಟವಲ್ಲ, ಗಾಳಿ ಕುಡಿಸುವುದೇ ಕಷ್ಟ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ಗಾಳಿ ಬೇಕು. ಆ ಗಾಳಿ ಒಳಗೆ ಬರುವ ದಾರಿಗೂ ಹೊಗೆ ಹೊರಗೆ ಹೋಗುವ ದಾರಿಗೂ ಪೋರ್ಟ್ ಅಂತ ಹೆಸರು. ಎರಕ ಹೊಯ್ದು ಮಾಡಿದ ದಾರಿಯಾದ್ದರಿಂದ ಒಳಗೆ ಏಣು, ತರಿ, ಜೋಡಣೆಯ ಮೆಟ್ಟಿಲು ಎಲ್ಲ ಇರುತ್ತವೆ. ಕಾರ್ಖಾನೆಯವರು ಸಾವಿರಗಟ್ಟಲೆ ಇಂಜಿನ್ ಮಾಡುವವರು, ಒಂದೊಂದನ್ನೂ ಕೂತು ನಯ ಮಾಡಲು ಅವರಿಗೆ ಪುರಸೊತ್ತಿಲ್ಲ. ಅವರು ಬಿಟ್ಟ ಕೆಲಸವನ್ನು ಕೈಯಿಂದ ಮುಗಿಸುವುದೇ ಪೋರ್ಟಿಂಗ್.

ಈ ವಿದ್ಯೆಯನ್ನು ಅಂದಾಜಿನಿಂದ ಅಳತೆಗೆ ತಂದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಅವರದು. 1920ರ ದಶಕದಲ್ಲೇ ಅವರು ಸಿಲಿಂಡರ್ ಹೆಡ್ಡಿನ ಮೂಲಕ ಗಾಳಿ ಹರಿಸಿ, ಎಷ್ಟು ಹರಿಯಿತು ಅಂತ ಅಳೆಯತೊಡಗಿದರು. 1948ರಲ್ಲಿ ಬಂದ ಜಾಗ್ವಾರ್ ಕಂಪನಿಯ ಎಕ್ಸ್‌ಕೆ ಇಂಜಿನ್ನಿನ ಹೆಡ್ಡಿನ ಹಿಂದೆ ಅವರ ಕೈ ಇತ್ತು. ಅಂಥವರು ಕಲಿಸಿದ ಪಾಠ ಕೇಳಿದರೆ ಆಶ್ಚರ್ಯವಾಗುತ್ತದೆ: ದಾರಿ ದೊಡ್ಡದಾದ ಮಾತ್ರಕ್ಕೆ ಗಾಳಿ ಹೆಚ್ಚು ಬರುವುದಿಲ್ಲ. ಹಿತ್ತಿಲಲ್ಲಿ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟು ನೋಡಿ, ನೀರು ಹೇಗೆ ದೂರ ಚಿಮ್ಮುತ್ತದೆ! ಗಾಳಿಗೂ ಅಂಥ ವೇಗ ಬೇಕು. ದಾರಿ ವಿಪರೀತ ಅಗಲವಾದರೆ ಗಾಳಿ ಸೋಮಾರಿಯಾಗುತ್ತದೆ, ಪೆಟ್ರೋಲು ಸರಿಯಾಗಿ ಬೆರೆಯದೆ ಹನಿಹನಿಯಾಗಿಯೇ ಉಳಿಯುತ್ತದೆ, ಗಾಡಿ ನಿಧಾನದಲ್ಲಿ ಮುಗ್ಗರಿಸುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಪಾರ್ಟಿಯ ವ್ಯವಹಾರಕ್ಕಿಂತ ದೊಡ್ಡ ಸಾಲ ಸ್ಯಾಂಕ್ಷನ್ ಮಾಡಿದ ಹಾಗೆ. ದುಡ್ಡು ಓಡಾಡುವುದಿಲ್ಲ, ಕೂತುಬಿಡುತ್ತದೆ.

ಇದು ವಾಲ್ವ್ ಇರುವ ಫೋರ್ ಸ್ಟ್ರೋಕ್ ಇಂಜಿನ್ನಿನ ಮಾತಾಯಿತು. ನಮ್ಮ ಜಾವಾ ಟೂ ಸ್ಟ್ರೋಕ್. ಅದರಲ್ಲಿ ಪೋರ್ಟ್ ಇರುವುದು ಹೆಡ್ಡಿನಲ್ಲಲ್ಲ, ಸಿಲಿಂಡರಿನ ಗೋಡೆಯಲ್ಲೇ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಆ ಕಿಂಡಿಗಳನ್ನು ತಾನೇ ತೆರೆದು ತಾನೇ ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರ್ ಎತ್ತರಿಸಿದರೆ ಅದು ಅಷ್ಟು ಬೇಗ ತೆರೆಯುತ್ತದೆ, ಇಂಜಿನ್ನಿನ ಗುಣವೇ ಬದಲಾಗುತ್ತದೆ. ಜೋರಾಗಿ ಓಡುವಾಗ ಶಕ್ತಿ ಹೆಚ್ಚು, ಏರಿನಲ್ಲಿ ನಿಧಾನಕ್ಕೆ ಎಳೆಯುವ ತಾಕತ್ತು ಕಡಿಮೆ. ಕಿಂಡಿಯನ್ನು ಪಕ್ಕಕ್ಕೆ ಅಗಲಿಸಿದರೆ ಇನ್ನೊಂದು ಅಪಾಯ. ಪಿಸ್ಟನ್ನಿನ ರಿಂಗು ಸ್ಪ್ರಿಂಗಿನ ಹಾಗೆ ಸದಾ ಹೊರಕ್ಕೆ ಒತ್ತುತ್ತಾ ಇರುತ್ತದೆ. ಕಿಂಡಿ ತೀರಾ ಅಗಲವಾದರೆ, ಇಲ್ಲವೇ ಅದರ ಅಂಚನ್ನು ಇಳಿಜಾರಾಗಿ ನಯಗೊಳಿಸದೆ ಬಿಟ್ಟರೆ, ರಿಂಗು ಆ ಕಿಂಡಿಯೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಓದುಗರು ಈ ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕು.

ಟೂ ಸ್ಟ್ರೋಕ್ ವಿದ್ಯೆಯ ದೊಡ್ಡ ಗುರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂಝಡ್ ಕಂಪನಿಯ ರೇಸ್ ವಿಭಾಗವನ್ನು 1953ರಿಂದ ನೋಡಿಕೊಂಡವರು. ಸೈಲೆನ್ಸರಿನ ಕೊಳವೆಗೆ ಸರಿಯಾದ ಹೊಟ್ಟೆ, ಸರಿಯಾದ ಸೊಂಟ ಕೊಟ್ಟರೆ ಹೊಗೆಯ ಅಲೆ ಹಿಂದಕ್ಕೆ ಬಡಿದು, ಹೊರಗೆ ಓಡಿಹೋಗುತ್ತಿರುವ ಹೊಸ ಗಾಳಿಯನ್ನು ವಾಪಸ್ ಸಿಲಿಂಡರಿಗೆ ತಳ್ಳುತ್ತದೆ ಅನ್ನುವುದನ್ನು ರೇಸಿನಲ್ಲಿ ಸಾಧಿಸಿ ತೋರಿಸಿದರು. 1961ರ ಹೊತ್ತಿಗೆ ಅವರ 125 ಸಿಸಿ ಇಂಜಿನ್ 25 ಕುದುರೆ ಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಹಾಗೇ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿ, ವಿದ್ಯೆಯನ್ನು ಜಪಾನಿನ ಸುಝುಕಿಗೆ ಕೊಟ್ಟ. 1962ರಲ್ಲಿ ಸುಝುಕಿ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದಿತು. ಕಾಡೆನ್ ತಮ್ಮ ಊರಲ್ಲೇ ಉಳಿದರು. ಈ ವಿದ್ಯೆಯ ಚರಿತ್ರೆಯಲ್ಲಿ ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಆಗುವುದು ಹೊಸದಲ್ಲ.

ಇನ್ನು ಮೈಸೂರಿಗೆ ಬರೋಣ. ಜಾವಾ ಚೆಕೊಸ್ಲೊವಾಕಿಯಾದ ಗಾಡಿ. 1929ರಲ್ಲಿ ಯಾನೆಚೆಕ್ ಅನ್ನುವವರು ವಾಂಡರರ್ ಕಂಪನಿಯ ಮೋಟರ್ ಸೈಕಲ್ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲಕ್ಷರ ಸೇರಿಸಿ ಇಟ್ಟ ಹೆಸರು ಅದು. 1950ರ ದಶಕದಲ್ಲಿ ಅದನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದವರು ರುಸ್ತುಂ ಇರಾನಿ. ಆಮದು ಕಷ್ಟವಾದ ಕಾಲದಲ್ಲಿ ಇಲ್ಲೇ ತಯಾರಿಸೋಣ ಅಂತ ಅವರು ಆರಿಸಿಕೊಂಡದ್ದು ನಮ್ಮ ಮೈಸೂರನ್ನು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಅಂತ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಮುಂಬಯಿಯಿಂದ ಅವರು ಮೈಸೂರಿಗೆ ಹೋದರು, ಮೈಸೂರಿನಿಂದ ನಾನು ಮುಂಬಯಿಗೆ ಬಂದೆ. ಲೆಕ್ಕ ಸರಿಹೋಯಿತು ಅಂತ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಸ್ನೇಹಿತರು ತಮಾಷೆ ಮಾಡುತ್ತಿದ್ದರು.

ಆಗಿನ ಜಾವಾ ನೋಡದ ಕಿರಿಯರಿಗೆ ಎರಡು ಮಾತು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರು. ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್, ಒಟ್ಟು ಸುಮಾರು 250 ಸಿಸಿ. ಮದ್ರಾಸಿನ ಹತ್ತಿರ ಷೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನದ ರನ್‌ವೇ ಮೇಲೆ ರೇಸು ನಡೆಯುತ್ತಿದ್ದ ಕಾಲದಲ್ಲಿ ಜಾವಾ, ಯೆಜ್ಡಿ ಇಲ್ಲದ ರೇಸೇ ಇರುತ್ತಿರಲಿಲ್ಲ. ಹಣ ಇದ್ದವರು ವಿದೇಶದಿಂದ ಭಾಗ ತರಿಸುತ್ತಿದ್ದರು. ಇಲ್ಲದವರಿಗೆ ಇದ್ದದ್ದು ಅರ, ಎಮರಿ ಪೇಪರು ಮತ್ತು ಒಬ್ಬ ಒಳ್ಳೇ ಮೇಸ್ತ್ರಿ.

ಅಂಥ ಮೇಸ್ತ್ರಿಯೊಬ್ಬರು ಅಶೋಕ ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ ಇದ್ದರು. ಷೋಲಾವರಂಗೆ ಹೋಗುವ ಬೆಂಗಳೂರಿನ ಹುಡುಗರೂ ಅವರ ಹತ್ತಿರ ಬರುತ್ತಿದ್ದರು. ಸೀಮೆಎಣ್ಣೆ ದೀಪದ ಮಸಿಯನ್ನು ಸಿಲಿಂಡರಿನ ಒಳಗೋಡೆಗೆ ಹಿಡಿಸಿ, ಅದರ ಮೇಲೆ ಸೂಜಿಯಿಂದ ಗೆರೆ ಎಳೆದು, ಆ ಗೆರೆಯವರೆಗೆ ಮಾತ್ರ ಕೆರೆಯುತ್ತಿದ್ದರು. ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಬೆರಳು ಆಡಿಸಿ ನೋಡುತ್ತಿದ್ದರು. ಗಾಳಿ ಅಳೆಯುವ ಯಂತ್ರ ಅವರಲ್ಲಿ ಇರಲಿಲ್ಲ, ಬೆರಳೇ ಯಂತ್ರ.

1979. ನಾನು ಬಿ.ಕಾಂ. ಓದುತ್ತಿದ್ದೆ. ನನ್ನ ಅಣ್ಣ ಮೆಡಿಕಲ್ ರೆಪ್ರೆಸೆಂಟೇಟಿವ್. ನಂಜನಗೂಡು, ಚಾಮರಾಜನಗರ, ಟಿ. ನರಸೀಪುರ ಅಂತ ವಾರವಿಡೀ ಸುತ್ತುವ ಕೆಲಸ. ಅಪ್ಪ ಪಿ.ಎಫ್.ನಲ್ಲಿ ಸಾಲ ತೆಗೆದು ಅವನಿಗೊಂದು ಸೆಕೆಂಡ್ ಹ್ಯಾಂಡ್ ಜಾವಾ ಕೊಡಿಸಿದ್ದರು. ಭಾನುವಾರ ಮಾತ್ರ ಅದು ನನ್ನ ಕೈಗೆ ಸಿಗುತ್ತಿತ್ತು. ನಾವು ನಾಲ್ಕೈದು ಜನ ಹುಡುಗರು ಚಾಮುಂಡಿ ಬೆಟ್ಟದ ಬುಡದಿಂದ ಮೇಲಿನವರೆಗೆ ಪಣ ಕಟ್ಟಿ ಓಡಿಸುತ್ತಿದ್ದೆವು. ಪಣ ಅಂದರೆ ಮಸಾಲೆ ದೋಸೆ, ಕಾಫಿ. ನಾನು ಪ್ರತಿ ಸಲ ಸೋಲುತ್ತಿದ್ದೆ.

ಟೂ ಸ್ಟ್ರೋಕ್ ಗಾಡಿಗೆ ಆಗಾಗ ಸಿಲಿಂಡರ್ ಬಿಚ್ಚಿ ಕಾರ್ಬನ್ ತೆಗೆಸಬೇಕಾಗುತ್ತಿತ್ತು. ಹಾಗೆ ಬಿಚ್ಚಿದಾಗ ಅಣ್ಣನನ್ನು ಕಾಡಿಬೇಡಿ, ಸ್ವಲ್ಪ ಪೋರ್ಟ್ ಕೆಲಸವನ್ನೂ ಮಾಡಿಸಲು ಒಪ್ಪಿಸಿದೆ. ಮೇಸ್ತ್ರಿ ಒಳಗಿನ ಎರಕದ ತರಿ ತೆಗೆದರು, ಕಾರ್ಬುರೇಟರ್ ಕೂರುವ ಬಾಯಿಯ ಮೆಟ್ಟಿಲು ಸರಿಮಾಡಿದರು, ಹೊಗೆ ಕಿಂಡಿಯ ಮೇಲಂಚನ್ನು ಕೂದಲೆಳೆಯಷ್ಟು ಎತ್ತರಿಸಿದರು. ಇನ್ನೂ ಸ್ವಲ್ಪ ಅಗಲ ಮಾಡಿ ಅಂದೆ. ಅವರು ಅರ ಕೆಳಗಿಟ್ಟರು.

"ಸಾಕು. ಇದು ನಿಮ್ಮಣ್ಣ ನಂಜನಗೂಡಿಗೆ ಹೋಗೋ ಗಾಡಿ, ಷೋಲಾವರಂಗೆ ಹೋಗೋದಲ್ಲ. ಕಬ್ಬಿಣ ಕೆರೆದ್ರೆ ಹೋಯ್ತು ಸ್ವಾಮಿ, ಮತ್ತೆ ಅಂಟಿಸೋಕಾಗಲ್ಲ."

ಹೊಸ ರಿಂಗು ಬೆಂಗಳೂರಿನಿಂದ ಬರಬೇಕಾಗಿತ್ತು. ಅಲ್ಲಿಯವರೆಗೆ ಸಿಲಿಂಡರ್ ನಮ್ಮ ಮನೆಯಲ್ಲೇ ಇರಲಿ ಅಂತ ತಂದುಕೊಂಡೆ. ಆ ರಾತ್ರಿ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬ್ಯಾಟರಿ ಬೆಳಕಿನಲ್ಲಿ, ಗುಂಡು ಅರದಿಂದ ಎಡಗಡೆಯ ಕಿಂಡಿಯನ್ನು ನಾನೇ ಅಗಲ ಮಾಡಿದೆ. ಬಲಗಡೆಗೆ ಹೋಗುವಷ್ಟರಲ್ಲಿ ಕೈ ಸೋತಿತ್ತು. ಅಂಚು ನಯಗೊಳಿಸಬೇಕು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ರಿಂಗು ಬಂದ ದಿನ ಮೇಸ್ತ್ರಿ ಯಾವುದೋ ಮದುವೆಗೆ ಹೋಗಿದ್ದರು, ಅವರ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಜೋಡಿಸಿ ಕೊಟ್ಟ.

ಆ ಭಾನುವಾರ ಬೆಟ್ಟದ ಮೇಲೆ ಮೊದಲು ತಲುಪಿದವನು ನಾನೇ. ಆ ಖುಷಿಯನ್ನು ಸುಳ್ಳು ಅಂತ ಹೇಳಲಾರೆ. ಮಸಾಲೆ ದೋಸೆ ಬಹಳ ರುಚಿಯಾಗಿತ್ತು.

ಎರಡು ವಾರ ಕಳೆದ ಮೇಲೆ ನಂಜನಗೂಡು ರಸ್ತೆಯಲ್ಲಿ, ಅಣ್ಣ ಒಬ್ಬನೇ ಹೋಗುತ್ತಿದ್ದಾಗ, ಇಂಜಿನ್ ಸೀಜ್ ಆಯಿತು. ಹಿಂದಿನ ಚಕ್ರ ತಟಕ್ಕನೆ ನಿಂತು ಅಣ್ಣ ರಸ್ತೆಗೆ ಬಿದ್ದ. ಬಲಗೈ ಮುರಿಯಿತು. ಹಿಂದೆ ಬಸ್ಸು, ಲಾರಿ ಇರಲಿಲ್ಲ ಅನ್ನುವುದು ನಮ್ಮ ಪುಣ್ಯ. ಒಂದೂವರೆ ತಿಂಗಳು ಅವನು ಮನೆಯಲ್ಲಿದ್ದ. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ಗಾಡಿಯನ್ನು ನಾನೇ ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಅಣ್ಣನೂ ಬಂದ. ಮೇಸ್ತ್ರಿ ಸಿಲಿಂಡರ್ ಎತ್ತಿದರು. ರಿಂಗು ಚೂರುಚೂರಾಗಿತ್ತು, ಗೋಡೆಯಲ್ಲಿ ಉದ್ದಕ್ಕೆ ಗೀರು. ಅವರು ಎಡಗಡೆ ಕಿಂಡಿಯೊಳಗೆ ಬೆರಳಿಟ್ಟರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಅವರ ಕೆಲಸ ರೇಷ್ಮೆಯ ಹಾಗೆ, ನನ್ನದು ತುರಿಯುವ ಮಣೆಯ ಹಾಗೆ. ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಆದರೆ ಅಣ್ಣನಿಗೆ ಅವರು ಹೇಳಿದ್ದು ಇಷ್ಟೇ: "ನಮ್ಮ ಕೆಲಸದಲ್ಲೇ ಏನೋ ಎಡವಟ್ಟಾಗಿದೆ ಸಾರ್. ಬೇರೆ ಸಿಲಿಂಡರ್ ಹಾಕಿಕೊಡ್ತೀನಿ, ಕೂಲಿ ಬೇಡ."

ನಾನು ಬಾಯಿ ಬಿಡಲಿಲ್ಲ. ಹತ್ತೊಂಬತ್ತರ ವಯಸ್ಸು, ಅಪ್ಪನ ಭಯ, ಏನು ಬೇಕಾದರೂ ಅನ್ನಿ.

ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕಿನ ಕೆಲಸಕ್ಕೆ ಮುಂಬಯಿಗೆ ಬಂದೆ. ಮಾಟುಂಗ, ಚೆಂಬೂರು, ಕೊನೆಗೆ ನೆರೂಳ. 1993ರಲ್ಲಿ ಇಲ್ಲಿಗೆ ಲೋಕಲ್ ರೈಲು ಬಂತು, ಮರುವರ್ಷವೇ ನಾವೂ ಬಂದೆವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲ ಅದು, ಹೊಸ ಜಪಾನಿ ಫೋರ್ ಸ್ಟ್ರೋಕುಗಳು ಹೆಚ್ಚು ಮೈಲೇಜ್ ಕೊಡುತ್ತಿದ್ದ ಕಾಲವೂ ಹೌದು. ಬೆಂಗಳೂರಿನ ಹುಡುಗರು ಪೋರ್ಟ್ ಮಾಡಿಸಿ ಕುಣಿಸುತ್ತಿದ್ದ ಯಮಹಾ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಜಾವಾ ಹೆಸರು 2018ರಲ್ಲಿ ಮತ್ತೆ ಬಂತು, ಆದರೆ ಅದು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಫೋರ್ ಸ್ಟ್ರೋಕ್, ಕಾರ್ಬುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದಮೇಲೆ ಹೊಸ ಮೋಟರ್ ಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಕಾಲ ಮುಗಿಯಿತು ಅಂತಲೇ ಹೇಳಬಹುದು.

ಆದ್ದರಿಂದ ಮೇಲಿನ ಮನೆಯ ಹುಡುಗನ ಪ್ರಶ್ನೆ ಹಳೆಯದೇ ಆದರೂ ಲೆಕ್ಕ ಹೊಸದು. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕೂತೆವು. ಥ್ರಾಟಲ್ ಬಾಡಿ ಅಂದರೆ ಗಾಳಿಯ ಬಾಗಿಲು. ಆಕ್ಸಿಲರೇಟರ್ ತಿರುಗಿಸಿದಾಗ ಒಳಗಿನ ಬಿಲ್ಲೆ ತಿರುಗಿ ದಾರಿ ಬಿಡುತ್ತದೆ. 34 ಮಿಲಿಮೀಟರನ್ನು 36 ಮಾಡಿದರೆ ವ್ಯಾಸ ಹೆಚ್ಚುವುದು ಶೇಕಡ 6, ಬಾಯಿಯ ವಿಸ್ತೀರ್ಣ ಹೆಚ್ಚುವುದು ಶೇಕಡ 12. "ನೋಡು, ಚಕ್ರಬಡ್ಡಿ ಇದ್ದ ಹಾಗೆ. ಕಣ್ಣಿಗೆ ಕಾಣೋದಕ್ಕಿಂತ ಜಾಸ್ತಿ ಬೆಳೆಯುತ್ತೆ" ಅಂದೆ. ಬಿಲ್ಲೆಯನ್ನೂ ಹೊಸದಾಗಿ ಮಾಡಿಸಬೇಕು, ಅದು ಒಂದು ಚೂರು ಹೆಚ್ಚುಕಡಿಮೆಯಾದರೆ ಬಾಗಿಲು ತೆರೆದಲ್ಲೇ ಸಿಕ್ಕಿಕೊಳ್ಳುತ್ತದೆ, ಗಾಡಿ ನಿಲ್ಲುವುದಿಲ್ಲ. ಇಂಜಿನ್ನಿನ ಕಂಪ್ಯೂಟರಿಗೆ ಗೊತ್ತಿರುವುದು ಹಳೇ ಬಾಯಿಯ ಲೆಕ್ಕ. ಅದನ್ನು ತಿದ್ದಿಸದಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಿದ್ದು ಪಿಸ್ಟನ್ ಕಾಯುತ್ತದೆ. ಇನ್ನು ಹೆಡ್ಡು ಅಲ್ಯುಮಿನಿಯಂ. ಗ್ರೈಂಡರ್ ಇಟ್ಟರೆ ಬೆಣ್ಣೆಯ ಹಾಗೆ ಹೋಗುತ್ತದೆ, ಅದರ ಹಿಂದೆಯೇ ತಂಪು ನೀರು ಹರಿಯುವ ಜಾಗ. ತೂತಾದರೆ ಹೆಡ್ಡೇ ಹೋಯಿತು. ಲಾಭದ ದೊಡ್ಡ ಪಾಲು ಇರುವುದು ವಾಲ್ವ್ ಕೂರುವ ಸೀಟು, ಅದರ ಕೆಳಗಿನ ಬಟ್ಟಲು, ಇಷ್ಟರಲ್ಲೇ. ಉಳಿದ ಕಡೆ ತರಿ ತೆಗೆದರೆ ಸಾಕು.

ಕಾನೂನನ್ನೂ ಹೇಳಿದೆ. ರಸ್ತೆಯ ಗಾಡಿಯನ್ನು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸಬಾರದು ಅನ್ನುತ್ತದೆ 1988ರ ಮೋಟರು ವಾಹನ ಕಾಯಿದೆಯ 52ನೇ ಕಲಮು, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ರೇಸ್ ಮಾಡಲು ಟ್ರ್ಯಾಕ್ ಇದೆ. ವಾಶಿಯಿಂದ ಬೇಲಾಪುರಕ್ಕೆ ಹೋಗುವ ನಮ್ಮ ಪಾಮ್ ಬೀಚ್ ರಸ್ತೆ ಟ್ರ್ಯಾಕ್ ಅಲ್ಲ. ರಾತ್ರಿ ಅಲ್ಲಿಂದ ಬರುವ ಶಬ್ದ ಕೇಳಿ ಎಷ್ಟು ಮನೆಗಳಲ್ಲಿ ತಾಯಂದಿರು ಎಚ್ಚರವಾಗಿರುತ್ತಾರೋ.

ಹುಡುಗ ಎಲ್ಲ ಕೇಳಿದ. ಕೊನೆಗೆ "ನೀವು ಯಾವತ್ತಾದ್ರೂ ಮಾಡಿದ್ದೀರಾ ಅಂಕಲ್?" ಅಂದ.

"ನಮ್ಮಣ್ಣನ ಗಾಡೀಲಿ ಒಬ್ಬ ಮೇಸ್ತ್ರಿ ಮಾಡಿದ್ರು. ಸೀಜ್ ಆಯ್ತು" ಅಂದುಬಿಟ್ಟೆ.

ಆ ಮಾತು ಬಾಯಿಂದ ಬಂದಮೇಲೆ ನನಗೇ ನಾಚಿಕೆಯಾಯಿತು. ಅರವತ್ತು ದಾಟಿದ ಮೇಲೂ ಅದೇ ಸುಳ್ಳು. ಆಡಿಟ್ ಮಾಡುವಾಗ ಎಷ್ಟು ಜನ ಕ್ಲಾರ್ಕುಗಳನ್ನು ಕೂರಿಸಿಕೊಂಡು, ತಪ್ಪು ಆದದ್ದಕ್ಕಿಂತ ಮುಚ್ಚಿಟ್ಟದ್ದು ದೊಡ್ಡ ತಪ್ಪು ಅಂತ ಬೋಧಿಸಿದ್ದೇನೆ! ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಮೈಸೂರಿಗೆ ಫೋನ್ ಮಾಡಿ ಅಣ್ಣನಿಗೆ ಎಲ್ಲ ಹೇಳಿದೆ. ಬಟ್ಟೆ ಒಗೆಯುವ ಕಲ್ಲು, ಬ್ಯಾಟರಿ, ಗುಂಡು ಅರ, ಏನೂ ಬಿಡದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈಯುತ್ತಾನೆ ಅಂದುಕೊಂಡೆ, ನಗುತ್ತಾನೆ ಅಂತಲೂ ಅಂದುಕೊಂಡೆ.

"ಕೈ ಹೋಗ್ಲಿ ಬಿಡೋ" ಅಂದ. "ಆ ಮೇಸ್ತ್ರಿ ಅಂಗಡಿಗೆ ಹೋಗ್ಬೇಡಿ, ಪ್ರಾಣ ತೆಗೀತಾನೆ ಅಂತ ನಮ್ಮ ರೆಪ್‌ಗಳಿಗೆಲ್ಲ ಹೇಳಿದ್ದೆ ಕಣೋ. ಹತ್ತು ಹದಿನೈದು ಗಾಡಿ ಅವನ ಹತ್ರ ಹೋಗೋದು ನಿಂತುಹೋಯ್ತು. ಎದುರಿಗೆ ಸಿಕ್ಕಿದ್ರೂ ನಾನು ಮುಖ ತಿರುಗಿಸ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ.

ದಸರೆಗೆ ಊರಿಗೆ ಹೋದಾಗ ಇಬ್ಬರೂ ಆ ಸಂದಿಗೆ ಹೋದೆವು. ಗ್ಯಾರೇಜ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಪಕ್ಕದ ಹೊಲಿಗೆ ಅಂಗಡಿಯ ಮುದುಕರು, ಮೇಸ್ತ್ರಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು ಅಂದರು. ಮಕ್ಕಳು ಎಲ್ಲಿಗೆ ಹೋದರೋ ಅವರಿಗೆ ತಿಳಿಯದು. ಅಣ್ಣ ನೆಟ್ಟಗಾಗದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ "ನಡಿ" ಅಂದ.

ಹಾಳಾದ ಆ ಸಿಲಿಂಡರ್ ನಮ್ಮ ಮನೆಯಲ್ಲೇ ಇತ್ತು. ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಿರಲಿ ಅಂತ ಅಮ್ಮ ಅದನ್ನು ಅಡ್ಡ ಇಡುತ್ತಿದ್ದಳು, ಅವಳು ಹೋದಮೇಲೆ ಅಟ್ಟಕ್ಕೆ ಸೇರಿತ್ತು. ಅಣ್ಣನನ್ನು ಕೇಳಿ ನೆರೂಳಕ್ಕೆ ತಂದೆ. ಹುಡುಗನನ್ನು ಕರೆದು ಮೇಜಿನ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ಅವನು ಟಾರ್ಚ್ ಹಾಕಿ ನೋಡಿದ. ಬಲಗಡೆ ಕಿಂಡಿಯಲ್ಲಿ ಬೆರಳಾಡಿಸಿದ, ಆಮೇಲೆ ಎಡಗಡೆ.

"ಅಂಕಲ್, ಇದನ್ನು ಇಬ್ಬರು ಮಾಡಿದ್ದಲ್ವಾ?"

"ಹೌದು. ಬಲಗಡೆಯದು ಮೇಸ್ತ್ರಿ ಮಾಡಿದ್ದು. ಎಡಗಡೆ ಕೆರೆದು ಹಾಳು ಮಾಡಿದ್ದು ನಾನು" ಅಂದೆ. ಮೇಸ್ತ್ರಿಯ ಹೆಸರನ್ನೂ ಹೇಳಿದೆ.

ಅವನು ಥ್ರಾಟಲ್ ಬಾಡಿಯ ಆಸೆ ಬಿಟ್ಟ. ಹೆಡ್ಡಿನಲ್ಲಿ ಎರಕದ ತರಿ ತೆಗೆದು, ವಾಲ್ವ್ ಸೀಟು ಕಟ್ ಮಾಡಿಸಿ, ಅಷ್ಟಕ್ಕೇ ನಿಲ್ಲಿಸಿದ. ಗಾಡಿ ಮೊದಲಿಗಿಂತ ನಯವಾಗಿ ಓಡುತ್ತದಂತೆ. ಬಲಗಡೆಯ ಕೆಲಸದ ಹಾಗೆ ಮಾಡಲು ತನಗೆ ಇನ್ನೂ ಕೈ ಬಂದಿಲ್ಲ ಅನ್ನುತ್ತಾನೆ. ಸಿಲಿಂಡರ್ ಈಗ ಅವನ ಹತ್ತಿರವೇ ಇದೆ. ಆಗಾಗ ಬೆರಳಿಟ್ಟು ನೋಡುತ್ತಾನಂತೆ.